ಓದುಗರ ಪ್ರಶ್ನೆ: ಎಲ್ಲರನ್ನೂ ಹಿಡಿಯೋಕೆ ಆಗುತ್ತಾ?

ಪ್ರಶ್ನೆ: ಟೆಕ್ಸಾಸ್‌ನಲ್ಲಿರುವ ನಮ್ಮ ಅಳಿಯ ಫೋನ್ ಮಾಡಿದಾಗಲೆಲ್ಲ ವಲಸೆ ಗಲಾಟೆಯದೇ ಮಾತು. ಒಬಾಮಾ ಕಾಲದಲ್ಲಿ ಕಾಗದ ಇಲ್ಲದವರಿಗೂ ಇರೋಕೆ ಬಿಟ್ಟಿದ್ದರಂತೆ. ಕಾನೂನು ಮಾಡೋದು ಸಂಸತ್ತು. ಅಧ್ಯಕ್ಷರು ಅದನ್ನು ಪಕ್ಕಕ್ಕಿಟ್ಟರೆ ಸಂಸತ್ತು ಸುಮ್ನೆ ಕೂರುತ್ತಾ?
— ಓದುಗರೊಬ್ಬರು, ಮುಧೋಳ

ಉತ್ತರ: ಮುಧೋಳದವರಿಗೆ ಕಬ್ಬಿನ ಟ್ರ್ಯಾಕ್ಟರ್ ನೆನಪಿಸಿದರೆ ಸಾಕು. ಕಳೆದ ಹಂಗಾಮಿನಲ್ಲಿ ಬೆಳಗಾವಿಯಿಂದ ನಿಮ್ಮ ಕಡೆ ಬರುವಾಗ ಯರಗಟ್ಟಿ ದಾಟಿದ ಮೇಲೆ ಎಣಿಸಿದೆ. ಎರಡೆರಡು ಟ್ರೇಲರ್ ಕಟ್ಟಿದ 31 ಗಾಡಿ. ರಿಫ್ಲೆಕ್ಟರ್ ಇದ್ದದ್ದು ನಾಲ್ಕೈದಕ್ಕೆ. ಲೋಕಾಪುರದ ಹತ್ತಿರ ಇಬ್ಬರೇ ಪೊಲೀಸರು. ಹಿಂದೆ ದೀಪವೇ ಇಲ್ಲದ ಒಂದನ್ನು ಸೈಡಿಗೆ ಹಾಕಿಸಿದರು, ಉಳಿದವಕ್ಕೆ ಹೋಗಿ ಅಂತ ಕೈ ಬೀಸಿದರು. ಆ ಕೈ ಬೀಸೋದೇ ಈ ಜಗಳದ ಮೂಲ.

2014ರಲ್ಲಿ ಅಮೆರಿಕದ ನ್ಯಾಯ ಇಲಾಖೆ ಕೊಟ್ಟ ಲೆಕ್ಕ ನೋಡಿ: ಕಾಗದ ಇಲ್ಲದವರು 1.13 ಕೋಟಿ, ವರ್ಷಕ್ಕೆ ವಾಪಸ್ ಕಳಿಸೋಕೆ ದುಡ್ಡು ಇದ್ದದ್ದು 4 ಲಕ್ಷಕ್ಕೂ ಕಡಿಮೆ ಜನರಿಗೆ. ಆ ದುಡ್ಡು ಕೊಡೋದು ಅದೇ ಸಂಸತ್ತು! (ಅಲ್ಲಿ ಅದರ ಹೆಸರು ಕಾಂಗ್ರೆಸ್. ನಮ್ಮ ಪಕ್ಷ ಅಂದ್ಕೋಬೇಡಿ.) ಹಾಗಾಗಿ ಆರಿಸಿ ಹಿಡಿಯೋದು ತಪ್ಪು ಅಂತ ನನಗೆ ಅನ್ನಿಸಲ್ಲ.

ಒಬಾಮಾ ಬರೀ ಕೈ ಬೀಸಲಿಲ್ಲ, ಚೀಟಿಯನ್ನೂ ಬರೆದುಕೊಟ್ಟರು. 2012ರಲ್ಲಿ, 16 ತುಂಬುವ ಮೊದಲೇ ಬಂದವರಿಗೆ ಎರಡು ವರ್ಷದ ರಕ್ಷಣೆ, ಕೆಲಸದ ಪರ್ಮಿಟ್. 2014ರ ಮಾರ್ಚ್‌ನಲ್ಲಿ ಕೆಳಮನೆಯವರು, ಅಧ್ಯಕ್ಷರ ಮೇಲೆ ಸಂಸತ್ತೇ ಕೇಸು ಹಾಕಬಹುದು ಅನ್ನೋ ಮಸೂದೆ ಪಾಸ್ ಮಾಡಿದರು. ಮೇಲ್ಮನೆಯಾದ ಸೆನೆಟ್‌ನಲ್ಲಿ ಅದು ಮುಂದೆ ಹೋಗಲಿಲ್ಲ. ಅದೇ ನವೆಂಬರ್‌ನಲ್ಲಿ ಅಧ್ಯಕ್ಷರು ಅಲ್ಲಿನ ಪೌರರಾದ ಮಕ್ಕಳ ತಂದೆತಾಯಿಗೂ ಚೀಟಿ ಅಂದರು.

ಕೆಳಮನೆ ಆಗ ಗಂಟು ಬಿಗಿ ಹಿಡಿಯಿತು: ಈ ಯೋಜನೆ ಬಿಟ್ಟರೆ ಮಾತ್ರ ಗಡಿ ಕಾಯುವ ಇಲಾಖೆಗೆ ದುಡ್ಡು. ಸೆನೆಟ್‌ನಲ್ಲಿ ಬೇಕಾದ 60 ಮತ ಸಿಗಲಿಲ್ಲ. ಇಲಾಖೆಯೇ ಬಾಗಿಲು ಹಾಕೋ ಹೊತ್ತು ಬಂತು. 2015ರ ಮಾರ್ಚ್‌ನಲ್ಲಿ ಷರತ್ತಿಲ್ಲದೆ ದುಡ್ಡು ಬಿಟ್ಟರು. ಗಡಿ ಬಿಗಿ ಮಾಡಿ ಅನ್ನೋರೇ ಗಡಿಯವರ ಪಗಾರ ತಡೆಯೋದು, ನಗು ಬರುತ್ತೆ ಅಲ್ವಾ?

ತಂದೆತಾಯಿಯ ಯೋಜನೆ ನಿಂತದ್ದು ಕೋರ್ಟಿನಲ್ಲಿ. 26 ರಾಜ್ಯ ಕೇಸು ಹಾಕಿದ್ದವು. 2016ರಲ್ಲಿ ಸುಪ್ರೀಂ ಕೋರ್ಟ್ ನ್ಯಾಯಮೂರ್ತಿಗಳು 4–4 ಸಮ ಆಗಿ, ಕೆಳಗಿನ ಕೋರ್ಟಿನ ತಡೆ ಹಾಗೇ ಉಳಿಯಿತು. ಯಾರನ್ನು ಮೊದಲು ಹಿಡಿಯಬೇಕು ಅನ್ನೋ ಬೈಡನ್ ಕಾಲದ ಆದೇಶದ ಮೇಲಿನ ಕೇಸಿನಲ್ಲಿ ಅದೇ ಕೋರ್ಟು 2023ರಲ್ಲಿ 8–1ರಿಂದ, ಅದನ್ನು ಕೋರ್ಟಿನಲ್ಲಿ ಕೇಳೋ ಹಕ್ಕು ರಾಜ್ಯಗಳಿಗಿಲ್ಲ ಅಂದಿತು. ಸಂಸತ್ತು 2025ರ ಜನವರಿಯ ಕಾನೂನಿನಲ್ಲಿ ಆ ಹಕ್ಕನ್ನೇ ಬರೆದುಕೊಟ್ಟಿತು. ಕಳ್ಳತನದಂಥ ಆರೋಪ ಇದ್ದವರನ್ನು ಹಿಡಿದಿಡಲೇಬೇಕು, ಹಿಡಿಯದಿದ್ದರೆ ರಾಜ್ಯದವರು ಕೇಸು ಹಾಕಬಹುದು.

ನಿಮ್ಮ ಅಳಿಯನಿಗೆ ಹೇಳಿ, 2016ರ ಕೇಸಿನಲ್ಲೂ 2023ರದ್ದರಲ್ಲೂ ಮುಂದೆ ನಿಂತದ್ದು ಅವರಿರೋ ರಾಜ್ಯವೇ.