ಹಾಲಿನ ಕಲೆಗೆ ಕುದಿಯುವ ನೀರು ಸುರಿಯಬೇಡಿ

ಪ್ರಶ್ನೆ: ಮೊದಲ ಮಗುವಿನ ಬಿಳಿ ಬಟ್ಟೆಗಳನ್ನೆಲ್ಲ ಚೆನ್ನಾಗಿ ಒಗೆದು, ಒಂದೂ ಕಲೆ ಇಲ್ಲದಂತೆ ಮಡಚಿ ಇಟ್ಟಿದ್ದೆ. ಎರಡನೆಯ ಮಗುವಿಗೆಂದು ಈಗ ತೆಗೆದರೆ ಕುತ್ತಿಗೆ, ಎದೆಯ ಮೇಲೆಲ್ಲ ಹಳದಿ ಕಲೆಗಳು. ಕುದಿಯುವ ನೀರಲ್ಲಿ ನೆನೆಹಾಕಿದೆ, ಬ್ಲೀಚ್ ಹಾಕಿದೆ, ಹೋಗಲಿಲ್ಲ. ಬಟ್ಟೆಯೇ ಕಳಪೆಯೇ?

ಉತ್ತರ: ಬಟ್ಟೆಯದೇನೂ ತಪ್ಪಿಲ್ಲ. ಇದೇ ಪ್ರಶ್ನೆ ಬೇರೆ ಬೇರೆ ಮಾತಿನಲ್ಲಿ ಬರುತ್ತಲೇ ಇರುತ್ತದೆ, ಪ್ರತಿ ಪತ್ರದಲ್ಲೂ ಆ ಕುದಿಯುವ ನೀರು ಇದ್ದೇ ಇರುತ್ತದೆ. ಓದಿದಾಗಲೆಲ್ಲ ನನಗೆ ಸಿಟ್ಟು ಬರುವುದು ನಿಮ್ಮ ಮೇಲಲ್ಲ, ‘ಬಿಸಿನೀರಿಗೆ ಹೋಗದ ಕಲೆಯೇ ಇಲ್ಲ’ ಎಂದು ಹೇಳಿಕೊಟ್ಟವರ ಮೇಲೆ.

ಮಡಚಿಡುವಾಗಲೂ ಆ ಕಲೆ ಅಲ್ಲೇ ಇತ್ತು, ಕಣ್ಣಿಗೆ ಬಿದ್ದಿರಲಿಲ್ಲ ಅಷ್ಟೆ. ಮಗು ಕಕ್ಕಿದ ಹಾಲಿನಲ್ಲಿ ಪ್ರೋಟೀನ್ ಇದೆ, ಕೊಬ್ಬು ಇದೆ, ಸಕ್ಕರೆ ಇದೆ. ನೀರಲ್ಲಿ ಜಾಲಿಸಿದರೆ ಸಕ್ಕರೆ ಬಹುಪಾಲು ಹೋಗುತ್ತದೆ, ಪ್ರೋಟೀನ್ ಮತ್ತು ಕೊಬ್ಬಿನ ತೆಳುವಾದ ಪದರ ನೂಲಿನ ಎಳೆಗಳ ನಡುವೆ ಉಳಿದುಬಿಡುತ್ತದೆ. ಹಸಿಯಾಗಿದ್ದಾಗ ಅದಕ್ಕೆ ಬಣ್ಣವಿಲ್ಲ. ಪೆಟ್ಟಿಗೆಯಲ್ಲಿ ತಿಂಗಳುಗಟ್ಟಲೆ ಇದ್ದಾಗ ಕೊಬ್ಬು ಗಾಳಿಯ ಆಮ್ಲಜನಕದ ಜೊತೆ ಸೇರಿ ಹಳದಿಗೆ ತಿರುಗುತ್ತದೆ. ನೀವು ಕಂಡದ್ದು ಇದನ್ನೇ.

ಇನ್ನು ಬಿಸಿನೀರು. ಬೇಯಿಸಿದ ಮೊಟ್ಟೆಯ ಬಿಳಿಭಾಗವನ್ನು ಮತ್ತೆ ನೀರಾಗಿಸಲು ಆಗುತ್ತದೆಯೇ? ಹಾಲು, ರಕ್ತ, ವಾಂತಿ, ಮಲ ಎಲ್ಲದರ ಪ್ರೋಟೀನಿಗೂ ಅದೇ ಗತಿ. ಕಾವು ತಾಗಿದೊಡನೆ ಹೆಪ್ಪುಗಟ್ಟಿ ಎಳೆಗೆ ಕಚ್ಚಿಕೊಳ್ಳುತ್ತದೆ. ಕಲೆ ಇರುವಾಗಲೇ ಇಸ್ತ್ರಿ ಹಾಕಿದರೂ, ಡ್ರೈಯರಿಗೆ ಹಾಕಿದರೂ ಹೀಗೇ ಆಗುವುದು.

ಹಾಲು ಚೆಲ್ಲಿದ ಕೂಡಲೇ ಬಟ್ಟೆಯನ್ನು ಒಳಮೈ ಹೊರಗಾಗಿ ತಿರುಗಿಸಿ, ಕಲೆಯ ಹಿಂಬದಿಯಿಂದ ತಣ್ಣೀರು ಬಿಡಿ. ಮುಂಬದಿಯಿಂದ ಬಿಟ್ಟು ಬ್ರಷ್ಷಿನಿಂದ ಉಜ್ಜಿದರೆ ಕಲೆ ಇನ್ನೂ ಒಳಗಿಳಿಯುತ್ತದೆ, ಮೆತ್ತನೆಯ ಹತ್ತಿ ಜೂಲು ಏಳುತ್ತದೆ. ಆಮೇಲೆ ಎಂಜೈಮ್ ಇರುವ ಡಿಟರ್ಜೆಂಟಿನಲ್ಲಿ ನೆನೆಹಾಕಿ. ಪೊಟ್ಟಣದ ಹಿಂದೆ ಪ್ರೋಟಿಯೇಸ್, ಲೈಪೇಸ್ ಎಂಬ ಹೆಸರುಗಳನ್ನು ಹುಡುಕಿ. ಮೊದಲನೆಯದು ಪ್ರೋಟೀನನ್ನು ತುಂಡರಿಸುತ್ತದೆ, ಎರಡನೆಯದು ಕೊಬ್ಬನ್ನು. ನೀರು 30ರಿಂದ 40 ಡಿಗ್ರಿ ಸೆಲ್ಸಿಯಸ್, ಅಂದರೆ ಕೈಗೆ ಉಗುರುಬೆಚ್ಚಗೆ ಅನಿಸುವಷ್ಟಿದ್ದರೆ ಸಾಕು. ಎಂಜೈಮಿಗೆ ಹೊತ್ತು ಬೇಕು, ಐದು ನಿಮಿಷ ಅದ್ದಿ ತೆಗೆದು ‘ಪ್ರಯೋಜನವಿಲ್ಲ’ ಎನ್ನಬೇಡಿ. ಉಣ್ಣೆ, ರೇಷ್ಮೆಯ ಬಟ್ಟೆಗೆ ಮಾತ್ರ ಇದು ಬೇಡವೇ ಬೇಡ. ಅವೂ ಪ್ರೋಟೀನುಗಳೇ, ಕಲೆಯ ಜೊತೆ ಬಟ್ಟೆಯೂ ಸವೆಯುತ್ತದೆ.

ನಿಮ್ಮ ಹಳೆಯ ಕಲೆಗೆ ಎರಡು ಹಂತ ಬೇಕು. ಮೊದಲು ಎಂಜೈಮ್ ಡಿಟರ್ಜೆಂಟಿನಲ್ಲಿ ರಾತ್ರಿಯಿಡೀ ನೆನೆಯಲಿ. ಚೆನ್ನಾಗಿ ಜಾಲಿಸಿದ ಮೇಲೆ ಆಕ್ಸಿಜನ್ ಬ್ಲೀಚ್, ಅಂದರೆ ಸೋಡಿಯಂ ಪರ್‌ಕಾರ್ಬೊನೇಟ್ ಪುಡಿಯನ್ನು ಬಿಸಿನೀರಿನಲ್ಲಿ ಕರಗಿಸಿ ಕೆಲವು ಗಂಟೆ ನೆನೆಹಾಕಿ. ಈ ಹಂತಕ್ಕೆ ಬರುವಷ್ಟರಲ್ಲಿ ಪ್ರೋಟೀನ್ ಹೋಗಿರುತ್ತದೆ, ಉಳಿದ ಹಳದಿಯನ್ನು ತೆಗೆಯಲು ಈ ಪುಡಿಗೆ 40 ಡಿಗ್ರಿಗಿಂತ ಮೇಲಿನ ಕಾವು ಬೇಕು, ಹತ್ತಿ ಬಟ್ಟೆ ಅದನ್ನು ತಡೆಯುತ್ತದೆ. ಬಣ್ಣದ ಬಟ್ಟೆಯಾದರೆ ಒಳಹೊಲಿಗೆಯ ಹತ್ತಿರ ಒಂದು ಹನಿ ಹಾಕಿ ನೋಡಿಯೇ ಮುಂದುವರಿಯಿರಿ. ಕುದಿಯುವ ನೀರು ತಾಗಿದ ಕಲೆ ಪೂರ್ತಿ ಹೋಗದೆಯೂ ಇರಬಹುದು. ಅದಕ್ಕೆಂದು ಇನ್ನೂ ಖಾರವಾದ ರಾಸಾಯನಿಕ ಹುಡುಕಬೇಡಿ. ಮಸುಕು ಹಳದಿಯಿಂದ ಮಗುವಿಗೇನೂ ಆಗದು, ಆ ರಾಸಾಯನಿಕದಿಂದ ಆದೀತು.

ನೆನೆಹಾಕಿದ ಬಕೆಟ್ಟಿನ ಬಗ್ಗೆ ನಾನು ಬಹಳ ಕಟ್ಟುನಿಟ್ಟು. ಮೈಗಿಂತ ತಲೆಯೇ ಭಾರವಾಗಿರುವ ಪುಟ್ಟ ಮಕ್ಕಳು ತಲೆಕೆಳಗಾಗಿ ಬಿದ್ದರೆ ಒಂದೆರಡು ಅಂಗುಲ ನೀರಿನಲ್ಲೂ ಮುಳುಗುತ್ತಾರೆ. ಬಕೆಟ್ ಬಾಗಿಲು ಹಾಕಿದ ಬಚ್ಚಲಲ್ಲಿರಲಿ, ಮಗು ಓಡಾಡುವ ಕಡೆ ನೆಲದ ಮೇಲಲ್ಲ. ಪರ್‌ಕಾರ್ಬೊನೇಟ್ ಕರಗಿಸಿದ ನೀರನ್ನು ಬಾಟಲಿಯಲ್ಲಿ ಬಿಗಿಯಾಗಿ ಮುಚ್ಚಿಡಲೂಬೇಡಿ, ಅನಿಲ ತುಂಬಿ ಸಿಡಿಯುತ್ತದೆ.

ಮುಂದೆ ಎತ್ತಿಡುವಾಗ ಕುತ್ತಿಗೆಯ ಪಟ್ಟಿಯನ್ನು ಒಣಗಿದ ಮೇಲೆ ಬೆರಳುಗಳ ನಡುವೆ ತಿಕ್ಕಿ ನೋಡಿ. ಉಳಿದ ಭಾಗಕ್ಕಿಂತ ಬಿರುಸಾಗಿದ್ದರೆ, ಮೂಗಿನ ಹತ್ತಿರ ಹಿಡಿದಾಗ ಹುಳಿವಾಸನೆ ಬಂದರೆ ಹಾಲು ಇನ್ನೂ ಒಳಗಿದೆ, ಮತ್ತೆ ಒಗೆಯಿರಿ. ನುಸಿಗುಳಿಗೆ ಇಡಬೇಡಿ. ಇದನ್ನು ಬೇಡಿಕೊಂಡು ಹೇಳುತ್ತಿದ್ದೇನೆ. ಜಿ6ಪಿಡಿ ಎಂಬ ಎಂಜೈಮಿನ ಕೊರತೆ ಇರುವ ಶಿಶುಗಳಿಗೆ ಆ ಗುಳಿಗೆಯ ನಾಫ್ತಲೀನ್ ಸೋಕಿದ ಬಟ್ಟೆ ತೊಡಿಸಿದರೆ ರಕ್ತಕಣಗಳು ಒಡೆದು ಪ್ರಾಣಕ್ಕೇ ಅಪಾಯವಾಗಬಹುದು. ಆ ಕೊರತೆ ನಿಮ್ಮ ಮಗುವಿಗಿದೆಯೋ ಇಲ್ಲವೋ ಪರೀಕ್ಷೆ ಮಾಡಿಸದೆ ಗೊತ್ತಾಗುವುದಿಲ್ಲ.

ಪ್ರಶ್ನೆ: ಎದೆಹಾಲು ಕುಡಿಯುವ ಕೂಸಿನ ಮಲದ ಹಳದಿ ಕಲೆ ಒಗೆದರೂ ಉಳಿಯುತ್ತದೆ.

ಉತ್ತರ: ಒಗೆದ ಬಟ್ಟೆಯನ್ನು ಒದ್ದೆಯಿರುವಾಗಲೇ ಕಲೆಯ ಬದಿ ಮೇಲೆ ಮಾಡಿ ಬಿಸಿಲಿಗೆ ಹರವಿ. ಆ ಹಳದಿ ಬಹುಮಟ್ಟಿಗೆ ಪಿತ್ತರಸದಲ್ಲಿರುವ ಬಿಲಿರುಬಿನ್ ಎಂಬ ಬಣ್ಣದ್ದು, ಅದು ಬೆಳಕಿಗೆ ಒಡೆಯುತ್ತದೆ. ಕಾಮಾಲೆಯಾದ ಶಿಶುಗಳನ್ನು ಆಸ್ಪತ್ರೆಯಲ್ಲಿ ನೀಲಿ ಬೆಳಕಿನಡಿ ಮಲಗಿಸುವುದೂ ಬಿಲಿರುಬಿನ್ನಿನ ಇದೇ ಗುಣವನ್ನು ನಂಬಿಕೊಂಡು. ಬೆಳಕಿನ ಆ ಚಿಕಿತ್ಸೆಯ ಮೊದಲ ವರದಿ ಇಂಗ್ಲೆಂಡಿನಿಂದ 1958ರಲ್ಲಿ ಬಂತು. ಕ್ಯಾರೆಟ್ಟಿನ ಕಲೆಯೂ ಬಿಸಿಲಿಗೆ ಮಾಸುತ್ತದೆ.

ಪ್ರಶ್ನೆ: ಬ್ಲೀಚಿಗೆ ವಿನೆಗರ್ ಬೆರೆಸಿದರೆ ಎರಡು ಪಟ್ಟು ಕೆಲಸ ಮಾಡುತ್ತದೆ ಎಂದು ವಿಡಿಯೊದಲ್ಲಿ ನೋಡಿದೆ. ಎಷ್ಟೆಷ್ಟು ಹಾಕಲಿ?

ಉತ್ತರ: ಒಂದು ಹನಿಯೂ ಹಾಕಬೇಡಿ! ಕ್ಲೋರಿನ್ ಬ್ಲೀಚಿಗೆ ಆಮ್ಲ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ, ಮೊದಲ ಮಹಾಯುದ್ಧದಲ್ಲಿ ಸೈನಿಕರ ಮೇಲೆ ಬಿಟ್ಟದ್ದು ಇದನ್ನೇ. ಉಚ್ಚೆಯಲ್ಲಿ ನೆಂದು ಹಳತಾದ ಲಂಗೋಟಿಗಳ ಮೇಲೆ ನೇರವಾಗಿ ಬ್ಲೀಚ್ ಸುರಿಯುವುದೂ ತಪ್ಪು. ಉಚ್ಚೆಯ ಅಮೋನಿಯ ಸೇರಿ ಕ್ಲೋರಮೀನ್ ಎಂಬ ವಿಷಗಾಳಿ ಹುಟ್ಟುತ್ತದೆ. ಇಂಥ ವಿಡಿಯೊ ಮಾಡುವವರಿಗೆ ರಸಾಯನಶಾಸ್ತ್ರದ ಗಂಧವಿಲ್ಲ, ನೋಡುವವರ ಮನೆಯಲ್ಲಿ ಎಳೆಯ ಮಕ್ಕಳಿರುತ್ತಾರೆ ಎಂಬ ಯೋಚನೆಯೂ ಇಲ್ಲ.

ಪ್ರಶ್ನೆ: ಅಡುಗೆಸೋಡಾಕ್ಕೆ ವಿನೆಗರ್ ಹಾಕಿದಾಗ ನೊರೆ ಉಕ್ಕುತ್ತದಲ್ಲ, ಅದು ಕಲೆ ಕಿತ್ತುಕೊಂಡು ಬರುವುದಿಲ್ಲವೇ?

ಉತ್ತರ: ಇಲ್ಲ, ಎರಡೂ ಒಂದನ್ನೊಂದು ಕೊಂದು ಉಪ್ಪುನೀರು ಉಳಿಯುತ್ತದೆ.

ಪ್ರಶ್ನೆ: ಕಬ್ಬಿಣಾಂಶದ ಟಾನಿಕ್ ಚೆಲ್ಲಿ ಕಂದು ಕಲೆಯಾಗಿದೆ.

ಉತ್ತರ: ಅದು ತುಕ್ಕಿನ ಜಾತಿಯ ಕಲೆ. ಕ್ಲೋರಿನ್ ಬ್ಲೀಚ್ ಹಾಕಿದರೆ ಇನ್ನೂ ಗಟ್ಟಿಯಾಗುತ್ತದೆ. ಸಿಟ್ರಿಕ್ ಆಮ್ಲದ ನೀರು ಇಲ್ಲವೇ ನಿಂಬೆರಸ ಹಚ್ಚಿ, ಸ್ವಲ್ಪ ಹೊತ್ತು ಬಿಟ್ಟು ಜಾಲಿಸಿ, ಬೇಕಾದರೆ ಮತ್ತೆ ಹಚ್ಚಿ.

ಪ್ರಶ್ನೆ: ಬಾಲ್‌ಪೆನ್ನಿನ ಗೀಟಿಗೆ ಟೂತ್‌ಪೇಸ್ಟ್ ಉಜ್ಜಬಹುದೇ?

ಉತ್ತರ: ಟೂತ್‌ಪೇಸ್ಟ್ ಹಲ್ಲಿಗೆ. ಗೀಟಿನ ಕೆಳಗೆ ಹಳೆಯ ಬಟ್ಟೆ ಇಟ್ಟು, ಸ್ಪಿರಿಟ್ ಅದ್ದಿದ ಹತ್ತಿಯಿಂದ ಒತ್ತಿ ಒತ್ತಿ ತೆಗೆಯಿರಿ, ಹತ್ತಿ ಬದಲಿಸುತ್ತಿರಿ.

ಪ್ರಶ್ನೆ: ಜಿಡ್ಡಿಗೆ ಸೀಮೆಎಣ್ಣೆ?

ಉತ್ತರ: ಪಾತ್ರೆ ತೊಳೆಯುವ ಲಿಕ್ವಿಡ್ ಇರುವಾಗ ಮಗುವಿನ ಮೈಗೆ ತಾಗುವ ಬಟ್ಟೆಗೆ ಅದೇಕೆ? ಇಂದೇ ಆ ಸೀಮೆಎಣ್ಣೆಯ ಬಾಟಲಿಯನ್ನು ಮಕ್ಕಳ ಕೈಗೆ ಸಿಗದಂತೆ ಎತ್ತಿಡಿ.