ಚೆರೋಕೀ ಲಿಪಿಯಲ್ಲಿ ಕಾಗುಣಿತ ಹುಡುಕಬೇಡಿ

ಪ್ರಶ್ನೆ: ನಾವಿರುವುದು ನಾರ್ತ್ ಕೆರೊಲಿನಾದಲ್ಲಿ. ಸ್ಮೋಕಿ ಬೆಟ್ಟಗಳಿಗೆ ಹೋದಾಗ ಅಮೆರಿಕದ ಮೂಲನಿವಾಸಿಗಳಾದ ಚೆರೋಕೀ ಜನರ ಊರಿನ ಬೋರ್ಡುಗಳನ್ನು ನೋಡಿದ ಎಂಟು ವರ್ಷದ ಮಗಳಿಗೆ ಆ ಲಿಪಿ ಕಲಿಯುವ ಆಸೆ. ಕನ್ನಡ ಓದುತ್ತಾಳೆ. ಅಕ್ಷರಪಟ್ಟಿ ಪ್ರಿಂಟ್ ತೆಗೆದುಕೊಟ್ಟೆ, ಎರಡನೇ ಸಾಲಿಗೇ ಬೇಸರ ಬಂತು. ಕಾಗುಣಿತದ ಹಾಗೆ ಕಲಿಸಲು ದಾರಿಯಿದೆಯೇ?

ಉತ್ತರ: ಇಲ್ಲ. ಈ ಪ್ರಶ್ನೆ ಬಾರದ ತಿಂಗಳಿಲ್ಲ, ಅದಕ್ಕೇ ಈ ಸಲ ಸ್ವಲ್ಪ ಉದ್ದವಾಗಿ ಹೇಳಿಬಿಡುತ್ತೇನೆ.

ಕನ್ನಡದ ಮಗು ‘ಗ’ ಕಲಿತರೆ ಗಿ, ಗು, ಗೊ ಅರ್ಧ ಬಂದಂತೆಯೇ. ಚೆರೋಕೀ ಜನರವನೇ ಆದ ಸೆಕ್ವೋಯ 1821ರ ಹೊತ್ತಿಗೆ ರೂಪಿಸಿದ ಈ ಲಿಪಿಯಲ್ಲಿ ಹಾಗಿಲ್ಲ, ಒಂದೊಂದು ಉಚ್ಚಾರಾಂಶಕ್ಕೂ ಬೇರೆಯೇ ಅಕ್ಷರ. ಗೊ ನೋಡಲು ಇಂಗ್ಲಿಷಿನ ದೊಡ್ಡ ಎ, ಗು ಜೆ, ಗಿ ಹೆಚ್ಚುಕಡಿಮೆ ವೈ. ಕೊಂಬು, ಗುಡಿಸು ಹುಡುಕುತ್ತ ಕೂತ ಮಗು ಸೋಲದೆ ಇನ್ನೇನಾದೀತು? ಈಗ ಬಳಕೆಯಲ್ಲಿರುವ 85 ಅಕ್ಷರಗಳಲ್ಲಿ ಬರೀ ವ್ಯಂಜನ ಅಂತ ಇರುವುದು ‘ಸ್’ ಒಂದೇ.

ಪಟ್ಟಿಯನ್ನು ಎತ್ತಿಡಿ. ಆ ಸಾಲುಗಳನ್ನು ಜೋಡಿಸಿದ್ದು ಮಿಷನರಿ ಸ್ಯಾಮ್ಯುಯೆಲ್ ವೂಸ್ಟರ್, ಸೆಕ್ವೋಯನ ಅನುಕ್ರಮವೇ ಬೇರೆ ಇತ್ತು. ಅಕ್ಷರ ಬಿಟ್ಟು ಪದದಿಂದ ಶುರುಮಾಡಿ: ಒಸಿಯೊ (ನಮಸ್ಕಾರ), ವದೊ (ಧನ್ಯವಾದ), ವೆಸ (ಬೆಕ್ಕು), ವಯ (ತೋಳ), ಯೊನ (ಕರಡಿ), ಅಮ (ನೀರು), ಕೊನೆಗೆ ಜಲಗಿ, ಅಂದರೆ ಚೆರೋಕೀ. ಏಳು ಪದಕ್ಕೆ ಹದಿನಾಲ್ಕೇ ಅಕ್ಷರ. ಒಸಿಯೊದ ‘ಯೊ’ ಯೊನದಲ್ಲಿ, ವದೊದ ‘ವ’ ವಯದಲ್ಲಿ ಮತ್ತೆ ಸಿಗುತ್ತದೆ. ಹೀಗೆ ಮರಳಿ ಸಿಕ್ಕ ಅಕ್ಷರವೇ ತಲೆಯಲ್ಲಿ ಉಳಿಯುವುದು. ಹದಿನಾಲ್ಕು ಕಾರ್ಡು ಮಾಡಿ, ಅಕ್ಷರ ಅಂಗೈಯಗಲ ಇರಲಿ. ದಿನಕ್ಕೆ ಒಂದು ಪದ ಸಾಕು, ಹತ್ತು ನಿಮಿಷಕ್ಕಿಂತ ಹೆಚ್ಚು ಕೂರಿಸಬೇಡಿ. ‘ಜಲಗಿ’ಯನ್ನು ಕೊನೆಗಿಟ್ಟದ್ದು ಸುಮ್ಮನೆ ಅಲ್ಲ. ‘ವ’ ಮತ್ತು ‘ಜ’ ಎರಡೂ ಇಂಗ್ಲಿಷಿನ ಜಿ ಹಾಗೆ ಕಾಣುತ್ತವೆ, ಬೆನ್ನುಬೆನ್ನಿಗೇ ಎರಡನ್ನೂ ಕಲಿಸಿದರೆ ಕಲಸುಮೇಲೋಗರ. ಬಾಲ, ಸುರುಳಿಗಳನ್ನು ಅಲಂಕಾರವೆಂದು ಬಿಟ್ಟು ಬರೆಯಲು ಬಿಡಬೇಡಿ, ಅಕ್ಷರ ಬದಲಾಗುವುದೇ ಅಲ್ಲಿ.

ಇಂಗ್ಲಿಷ್ ಕಲಿತ ಕಣ್ಣು ಇನ್ನೊಂದು ತಾಪತ್ರಯ. ಡಿ ಆಕಾರದ್ದು ಇಲ್ಲಿ ‘ಅ’, ಟಿ ಆಕಾರದ್ದು ‘ಇ’, ಡಬ್ಲ್ಯೂ ಆಕಾರದ್ದು ‘ಲ’, ನಾಲ್ಕರ ಅಂಕಿಯಂಥದ್ದು ‘ಸೆ’. ಕಾರ್ಡಿನ ಹಿಂದೆ ಇಂಗ್ಲಿಷ್ ಕಾಗುಣಿತ ಬರೆದಿರೋ, ಕೆಟ್ಟಿತು. ಆ ಪದ್ಧತಿಯಲ್ಲಿ ಇಂಗ್ಲಿಷಿನ ವಿ ಒಂದು ಸ್ವರ. ಮಕ್ಕಳು ಅದನ್ನು ‘ವ’ ಎಂದೇ ಓದುತ್ತಾರೆ. ‘ಅಂ’ ಎನ್ನಲು ಹೊರಟು ತುಟಿ ಮುಚ್ಚದೆ, ನಾಲಿಗೆ ತಾಗಿಸದೆ ಮೂಗಿನಿಂದಲೇ ಹೊರಡಿಸಿದರೆ ಅದರ ಹತ್ತಿರ ಬರುತ್ತದೆ. ಬೇಕಿದ್ದರೆ ಹಿಂದೆ ಕನ್ನಡದಲ್ಲಿ ಬರೆಯಿರಿ, ಅದೂ ಊರುಗೋಲು ಅಷ್ಟೆ.

ಯಾಕೆಂದರೆ ಈ ಲಿಪಿ ಎಲ್ಲವನ್ನೂ ಹೇಳುವುದಿಲ್ಲ. ಗ–ಕ, ದ–ತ ಬೇರೆ ಬೇರೆ ಬರೆಯುತ್ತಾರೆ, ಗಿ–ಕಿ, ದೊ–ತೊ ಒಂದೇ ಅಕ್ಷರ. ಹ್ರಸ್ವ, ದೀರ್ಘ, ದನಿಯ ಏರಿಳಿತ ಯಾವುದಕ್ಕೂ ಗುರುತಿಲ್ಲ. ನೀರಿಗೂ ಉಪ್ಪಿಗೂ ಬರಹದಲ್ಲಿ ‘ಅಮ’ವೇ, ಬಾಯಲ್ಲಿ ಮಾತ್ರ ಬೇರೆ. ಆದ್ದರಿಂದ ಪ್ರತಿ ಪದವನ್ನೂ ಮನೆಮಾತಾಗಿ ಆಡುವವರ ಧ್ವನಿಮುದ್ರಿಕೆಯಲ್ಲಿ ಮೊದಲು ಕೇಳಿಸಿ, ಆಮೇಲೆ ಅಕ್ಷರ ತೋರಿಸಿ. 2019ರ ಹೊತ್ತಿಗೆ ಅಂಥವರು ಉಳಿದಿದ್ದದ್ದು ಸುಮಾರು ಎರಡು ಸಾವಿರ, ಬಹುಪಾಲು ವಯಸ್ಸಾದವರು. ಆ ವರ್ಷವೇ ಚೆರೋಕೀ ಜನರ ಮೂರೂ ಬುಡಕಟ್ಟು ಸರ್ಕಾರಗಳು ಸೇರಿ ಭಾಷೆಗೆ ತುರ್ತುಸ್ಥಿತಿ ಘೋಷಿಸಿದವು. ಓಕ್ಲಹೋಮದವರ ಮತ್ತು ನಾರ್ತ್ ಕೆರೊಲಿನಾದವರ ಉಚ್ಚಾರ ಒಂದೇ ಅಲ್ಲ. ನೀವಿರುವ ಕಡೆಯದನ್ನೇ ಹಿಡಿಯಿರಿ, ಎರಡನ್ನೂ ಬೆರೆಸಬೇಡಿ.

ಪ್ರಶ್ನೆ: ಇದು ಬ್ರಾಹ್ಮಿಯಿಂದ ಬಂದ ಲಿಪಿಯೆಂದು ವಾಟ್ಸ್ಆ್ಯಪ್‌ನಲ್ಲಿ ಓದಿದೆ. ನಿಜವೇ?

ಉತ್ತರ: ಸುಳ್ಳು. ಫಾರ್ವರ್ಡ್ ಮಾಡಬೇಡಿ.

ಪ್ರಶ್ನೆ: ಹಾಗಾದರೆ ಇಂಗ್ಲಿಷಿನ ನಕಲು ತಾನೆ?

ಉತ್ತರ: ಸೆಕ್ವೋಯನಿಗೆ ಇಂಗ್ಲಿಷ್ ಓದಲು ಬರುತ್ತಿರಲಿಲ್ಲ. ಕೆಲವು ಆಕಾರ ಅಲ್ಲಿಂದ ಬಂದಿರಬಹುದು, ಧ್ವನಿ ಒಂದೂ ಬಂದಿಲ್ಲ.

ಪ್ರಶ್ನೆ: ಮಗ ಪವನ್‌ನ ಹೆಸರನ್ನು ಚೆರೋಕೀಯಲ್ಲಿ ಹಚ್ಚೆ ಹಾಕಿಸಬೇಕು, ಬರೆದುಕೊಡಿ.

ಉತ್ತರ: ಕೊಡುವುದಿಲ್ಲ. ಆ ಭಾಷೆಯಲ್ಲಿ ‘ಪ’ ಇಲ್ಲ. ಬೈಬಲ್ಲಿನ ಪೌಲನೇ ಅಲ್ಲಿ ‘ಕ್ವೊಲ’ ಆಗಿದ್ದಾನೆ. ಹುಡುಗನ ತೋಳಿನ ಮೇಲೆ ಪ್ರಯೋಗ ಬೇಡ.

ಪ್ರಶ್ನೆ: ಚೆರೋಕೀ ಅಕ್ಷರ ಬರೆದ ‘ಶಕ್ತಿ ಕಾರ್ಡು’ಗಳನ್ನು ಮಕ್ಕಳ ಕೋಣೆಯಲ್ಲಿ ಇಡಬಹುದೇ?

ಉತ್ತರ: ಮಾರುವವನ ಜೇಬಿಗೆ ಮಾತ್ರ ಶಕ್ತಿ ಬರುತ್ತದೆ. 1828ರಲ್ಲಿ ಆಗಿನ ಚೆರೋಕೀ ರಾಜಧಾನಿ ನ್ಯೂ ಎಚೋಟದಲ್ಲಿ ‘ಚೆರೋಕೀ ಫೀನಿಕ್ಸ್’ ಪತ್ರಿಕೆ ಅಚ್ಚಾದದ್ದು ಇದೇ ಅಕ್ಷರಗಳಲ್ಲಿ. ಸುದ್ದಿ, ಕಾನೂನು, ಕಾಗದ ಬರೆಯುವ ಲಿಪಿ ಇದು.

ಪ್ರಶ್ನೆ: ಕಂಪ್ಯೂಟರಿನಲ್ಲಿ ಚೌಕಗಳೇ ಕಾಣುತ್ತವೆ.

ಉತ್ತರ: ನೋಟೊ ಸ್ಯಾನ್ಸ್ ಚೆರೋಕೀ ಫಾಂಟ್ ಹಾಕಿಕೊಳ್ಳಿ. ಹೊಸ ವಿಂಡೋಸ್‌ನಲ್ಲಿ ಗಡುಗಿ ಎಂಬ ಫಾಂಟ್ ಇದ್ದೇ ಇರುತ್ತದೆ. ಚೌಕದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ ಬಂದರೆ ಅದು ಯೂನಿಕೋಡ್‌ಗಿಂತ ಹಿಂದಿನ ಕಡತ. ಹಳೆಯ ನುಡಿ ಫೈಲುಗಳ ಜೊತೆ ಗುದ್ದಾಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.