ಕಪ್ಪು ಕಾಯಿ ಬಂದರೆ ಡ್ರಾ ಸಾಕೇ?

ಚದುರಂಗದಲ್ಲಿ ಎದುರಾಳಿ ರಾಣಿಯ ಮುಂದಿನ ಕಾಲಾಳನ್ನು ಎರಡು ಮನೆ ನಡೆಸಿ ಆರಂಭಿಸಿದರೆ ಕಪ್ಪು ಕಾಯಿಯವರು ಡ್ರಾ ಸಿಕ್ಕರೆ ಸಾಕೆಂದು ಆಡಬೇಕೇ ಎಂದು ಕೇಳಿದ್ದೀರಿ. ಖಂಡಿತ ಬೇಡ. 1907ರಲ್ಲಿ ಪೋಲೆಂಡಿನ ಲೋಡ್ಜ್ ನಗರದಲ್ಲಿ ಹೆಸರಾಂತ ಆಟಗಾರ ಅಕಿಬಾ ರುಬಿನ್‌ಸ್ಟೈನ್ ಕಪ್ಪು ಕಾಯಿಗಳಲ್ಲಿ ರೋಟ್ಲೆವಿ ಎಂಬ ಆಟಗಾರನನ್ನು ಸೋಲಿಸಿದ ಪಂದ್ಯವನ್ನು ನೋಡಿ. ಕಪ್ಪು ಆಡಿದ್ದು ಟಾರಾಶ್ ರಕ್ಷಣೆ ಎಂಬ ಆರಂಭ; 25 ನಡೆಗಳಲ್ಲಿ ಮುಗಿಯಿತು.

ಶಿರಸಿಯ ನಮ್ಮ ಮನೆಯ ಜಗುಲಿಯಲ್ಲಿ, ಆಷಾಢದ ಮಳೆಗೆ ಕರೆಂಟ್ ಹೋದ ಒಂದು ಸಂಜೆ, ದೊಡ್ಡಪ್ಪ ಇದನ್ನು ಲಾಟೀನಿನ ಬೆಳಕಿನಲ್ಲಿ ಆಡಿ ತೋರಿಸಿದ್ದರು. ಕಳೆದುಹೋಗಿದ್ದ ಕಪ್ಪು ಒಂಟೆಯ ಜಾಗದಲ್ಲಿ ಒಂದು ಚಾಲಿ ಅಡಿಕೆ ಇತ್ತು. ಈ ಪಂದ್ಯದ ಮಾತು ಬಂದಾಗ ಎಲ್ಲರೂ ಕೊನೆಯ ಬಲಿಗಳನ್ನೇ (ಬೇಕೆಂದೇ ಬಿಟ್ಟುಕೊಟ್ಟ ಕಾಯಿಗಳನ್ನೇ) ಹೊಗಳುತ್ತಾರೆ. ದೊಡ್ಡಪ್ಪ ಮಾತ್ರ 15ನೇ ನಡೆಯಲ್ಲಿ ಬಿಳಿ ಕ್ಯಾಸ್ಲಿಂಗ್ (ರಾಜ, ಆನೆ ಎರಡನ್ನೂ ಒಂದೇ ನಡೆಯಲ್ಲಿ ಸರಿಸುವುದು) ಮಾಡಿದ ಕೂಡಲೇ ಕೈ ತಡೆದು, "ಎರಡೂ ಕಡೆ ಹೋಲಿಸಿ ನೋಡು ತಮ್ಮಾ" ಎಂದರು.

ಕನ್ನಡಿ ಹಿಡಿದಂತಿತ್ತು! ಕುದುರೆ, ಒಂಟೆ, ರಾಣಿ, ಕಾಲಾಳು ಎಲ್ಲವೂ ಎದುರುಬದುರು ಒಂದೇ ಬಗೆ. ಕಪ್ಪಿನ ಒಂದು ಆನೆ ಮಾತ್ರ ಆಗಲೇ ಡಿ8ಕ್ಕೆ ಬಂದಿತ್ತು (ಬಿಳಿಯ ಕಡೆಯಿಂದ ನೋಡಿದರೆ ಅಕ್ಷರ ಎಡದಿಂದ ಎ–ಎಚ್ ಓಣಿ, ಅಂಕಿ ಕೆಳಗಿನಿಂದ 1–8 ಸಾಲು). ಸಾಲದ್ದಕ್ಕೆ ಮುಂದಿನ ಸರದಿಯೂ ಕಪ್ಪಿನದೇ. ಮೊದಲು ಆಟ ಶುರು ಮಾಡಿದ ಬಿಳಿ ಹಿಂದೆ ಬಿದ್ದದ್ದು ಹೇಗೆ? ರಾಣಿ ಡಿ2ಕ್ಕೆ ಹೋಗಿ ಆಮೇಲೆ ಇ2ಕ್ಕೆ ಸರಿದಿತ್ತು. ಒಂಟೆ ಡಿ3ರಲ್ಲಿ ಕೂರುವವರೆಗೆ ಕಾದು, ಅನಂತರವೇ ರುಬಿನ್‌ಸ್ಟೈನ್ ಸಿ4ರ ಕಾಲಾಳನ್ನು ಹೊಡೆದಿದ್ದರು; ಹಾಗಾಗಿ ಬಿಳಿ ಒಂಟೆ ಸಿ4ಕ್ಕೆ ಹೋಗಿ ಮತ್ತೆ ಡಿ3ಕ್ಕೇ ಮರಳಬೇಕಾಯಿತು. ನೀವು ಈ ಆರಂಭವನ್ನು ಎದುರಿಸುವಾಗ ಕಲಿಯಬೇಕಾದದ್ದು ಈ ಕಾಯುವಿಕೆ.

ಆಮೇಲೆ ಬಿಳಿ ತಾನೇ ಆತುರಪಟ್ಟು ಎಫ್4, ಇ4, ಇ5 ಎಂದು ಕಾಲಾಳುಗಳನ್ನು ನೂಕಿ ರಾಜನ ಸುತ್ತಲಿನ ಓಣಿಗಳನ್ನು ತೆರೆದುಕೊಟ್ಟಿತು. ಆ ಅಡಿಕೆ ಬಿ6ರಿಂದ ಚೆಕ್ ಕೊಟ್ಟು ರಾಜನನ್ನು ಮೂಲೆಗೆ ತಳ್ಳಿದ್ದು ಇಂದಿಗೂ ನನ್ನ ಕಣ್ಣಿಗೆ ಕಟ್ಟಿದೆ. 22ನೇ ನಡೆಯಲ್ಲಿ ರಾಣಿಯನ್ನು ಎದುರಾಳಿಯ ಬಾಯಿಗೆ ಬಿಟ್ಟು ಆನೆ ಸಿ3ರ ಕುದುರೆಯನ್ನು ಹೊಡೆಯುತ್ತದೆ. ಮರುನಡೆಯಲ್ಲಿ ಇನ್ನೊಂದು ಆನೆಯೂ ಡಿ2ರಲ್ಲಿ ಬಲಿ. ಕೊನೆಗೆ ಉಳಿದ ಆನೆ ಎಚ್3ಕ್ಕೆ ಬಂದಾಗ ಎಚ್2ರ ಮೇಟ್ (ರಾಜ ಪಾರಾಗಲಾರದ ಚೆಕ್) ತಪ್ಪಿಸುವ ದಾರಿ ಇಲ್ಲ. ಬಿಳಿ ರಾಣಿ ಜಿ2ರಲ್ಲೇ ಇದ್ದರೂ ಇ4ರ ಕಪ್ಪು ಒಂಟೆ ಅದನ್ನು ರಾಜನಿಗೆ ಕಟ್ಟಿಹಾಕಿದೆ, ಹಾಗಾಗಿ ಅದು ಎಚ್2ನ್ನು ಕಾಯಲಾರದು.

ನಡೆಗಳು ಹುಡುಕಿದರೆ ಸುಲಭವಾಗಿ ಸಿಗುತ್ತವೆ. ಮೊಬೈಲಿನಲ್ಲಿ ಸರಸರ ಓಡಿಸಬೇಡಿ, ಹಲಗೆಯ ಮೇಲೆ ಜೋಡಿಸಿ. 15ನೇ ನಡೆಗೆ ನಿಲ್ಲಿಸಿ, ಎರಡೂ ಕಡೆಯವರು ವ್ಯರ್ಥ ಮಾಡಿದ ನಡೆಗಳನ್ನು ಬೆರಳು ಮಡಚಿ ಎಣಿಸಿ. ಉಳಿದದ್ದನ್ನು ಆಮೇಲೆ ನೋಡಿ.